ಸೇತುವೆಯವನನ್ನು ಕೇಳಿದರೆ

ವಿಟ್ಬಿಯಲ್ಲಿ ನೋಡುವಂಥದ್ದು ಏನಿದೆ ಅಂತ
ದಿನಕ್ಕೆ ಹತ್ತು ಜನ ಕೇಳುತ್ತಾರೆ,
ನಾನು ಗೇಟು ಹಾಕಿದ ಮೇಲೆ,
ಮಾಡಲು ಬೇರೆ ಕೆಲಸವಿಲ್ಲದೆ ನಿಂತಾಗ.

ಹೇಳುತ್ತೇನೆ. ಇಪ್ಪತ್ತಾರು ವರ್ಷದ ಬಾಯಿಪಾಠ.
ಆ ದಡಕ್ಕೆ ಹೋದರೆ ನೂರತೊಂಬತ್ತೊಂಬತ್ತು ಮೆಟ್ಟಿಲು.
ಎಣಿಸಿಕೊಂಡು ಹತ್ತಿ.
ಒಬ್ಬರ ಲೆಕ್ಕ ಇನ್ನೊಬ್ಬರದಕ್ಕೆ ಕೂಡುವುದಿಲ್ಲ,
ಗಂಡಹೆಂಡಿರದಂತೂ ಇಲ್ಲವೇ ಇಲ್ಲ.
ನಡುನಡುವೆ ಅಗಲದ ಕಟ್ಟೆಗಳಿವೆ,
ಶವಪೆಟ್ಟಿಗೆ ಇಳಿಸಿ ಹೊತ್ತವರು ಹೆಗಲು ಬದಲಿಸಲೆಂದು ಕಟ್ಟಿದ್ದು.
ಈಗ ಅಲ್ಲಿ ಕೂತು ಐಸ್‌ಕ್ರೀಮ್ ತಿನ್ನುತ್ತಾರೆ.
ತಿನ್ನಲಿ. ಸತ್ತವರೇನು ಬೇಡ ಅಂದಾರೆ?

ಮೇಲೆ ಗೋರಿಗಳು. ಮರಳುಗಲ್ಲನ್ನು ಉಪ್ಪುಗಾಳಿ ನೆಕ್ಕಿ ನೆಕ್ಕಿ
ಹೆಸರು ಅಳಿಸಿದೆ, ತೂತು ಉಳಿಸಿದೆ.
ಅದರಾಚೆ ಹಾಳುಮಠ, ಮಾಡಿಲ್ಲ, ಕಿಟಕಿಗೆ ಗಾಜಿಲ್ಲ.
ಆಕಾಶ ನೋಡಲಿಕ್ಕೆ ಟಿಕೆಟ್ಟು.

ಚರ್ಚಿನೊಳಗೆ ಮರೆಯದೆ ಹೋಗಿ:
ಉಪದೇಶದ ಪೀಠಕ್ಕೆ ಸಿಕ್ಕಿಸಿದ ಉದ್ದನೆಯ ಕಿವಿಕೊಳವೆಗಳು.
ಹಿಂದೆ ಯಾವನೋ ಪಾದ್ರಿಯ ಹೆಂಡತಿಗೆ ಕಿವಿ ಕೇಳುತ್ತಿರಲಿಲ್ಲವಂತೆ,
ಅವನ ಮಾತು ಅವಳಿಗೆ ಮುಟ್ಟಲೆಂದು ಇದಂತೆ.
ಪ್ರೀತಿಯೋ ಶಿಕ್ಷೆಯೋ,
ಅವಳನ್ನು ಯಾರೂ ಕೇಳಲಿಲ್ಲ.

ಈ ದಡದ ಗುಡ್ಡದ ಮೇಲೆ ತಿಮಿಂಗಿಲದ ದವಡೆಯ ಕಮಾನು.
ಅದರಡಿ ನಿಂತು ಎಲ್ಲರೂ ಹಲ್ಲು ಬಿಟ್ಟು ಫೋಟೋ ತೆಗೆಸುತ್ತಾರೆ,
ಬಾಯೊಳಗೊಂದು ಬಾಯಿ.

ಕರಿಯ ಜೆಟ್ಟಿನ ಮಣಿ ಕೊಳ್ಳುವಿರಾದರೆ ಮೊದಲು ಮುಟ್ಟಿ ನೋಡಿ.
ಅದು ಕಲ್ಲಲ್ಲ, ಕೋಟಿಗಟ್ಟಲೆ ವರ್ಷ ಮಣ್ಣಲ್ಲಿ ಮಲಗಿದ ಮರ,
ಇನ್ನೂ ಬೆಚ್ಚಗಿದೆ.

ಕಿಪ್ಪರ್?
ಹೊಗೆಯಲ್ಲಿ ತೂಗುಹಾಕಿದ ಹೆರಿಂಗ್ ಮೀನು,
ಯಾವ ಅಂಗಡಿಯದು ಚೆನ್ನ ಅಂದರೆ
ನನಗೆ ಕೆಮ್ಮು ಬರುತ್ತದೆ.
ಬಾಯಿಪಾಠ ತಪ್ಪುವುದು ಅಲ್ಲೇ.

ಅಪ್ಪನ ಹೊಗೆಮನೆ. ಈಗ ನಡೆಸುವವಳು ತಂಗಿ ಡಾರ್ಕಸ್,
ಕಾಗದಪತ್ರದ ಪ್ರಕಾರವೂ ಅವಳದೇ, ಹೊಗೆಯ ಪ್ರಕಾರವೂ.
ಹದಿನಾಲ್ಕು ವರ್ಷ ಮಾತಿಲ್ಲ.
ಕಾರಣ ಒಂದು ಕಬ್ಬಿಣದ ತಕ್ಕಡಿ,
ಅಪ್ಪ ಸತ್ತ ವಾರ ನಾನಾಡಿದ ಒಂದು ಮಾತು.
ತಕ್ಕಡಿ ನನ್ನ ಶೆಡ್ಡಿನಲ್ಲಿ ತುಕ್ಕು ಹಿಡಿದಿದೆ.
ಮಾತಿಗೆ ಹಿಡಿದಿಲ್ಲ.

ಉಬ್ಬರ ಬಂದಾಗ ದೋಣಿಗಳು ದಾರಿ ಕೇಳುತ್ತವೆ,
ಗೇಟು ಹಾಕಿ ಸೇತುವೆ ತಿರುಗಿಸುತ್ತೇನೆ, ಊರು ಎರಡಾಗುತ್ತದೆ.
ಆ ದಡದವರು ಈ ದಡದವರನ್ನು ನೋಡುತ್ತ ನಿಲ್ಲುತ್ತಾರೆ,
ಮದುವೆಗೆ ಬಂದ ಎರಡು ಕಡೆಯ ಬೀಗರ ಹಾಗೆ.
ಕೈಯಲ್ಲಿ ಚಿಪ್ಸು ಆರುತ್ತದೆ.
ಕಡಲಕ್ಕಿಯೊಂದು ಕಂಬದ ಮೇಲಿಂದ ಪೊಟ್ಟಣ ಎಣಿಸುತ್ತದೆ.

ತಿಂಗಳಲ್ಲಿ ಮೂರೋ ನಾಲ್ಕೋ ಸಂಜೆ
ಉಬ್ಬರವೂ ಅವಳ ದಾರಿಯೂ ಒಂದೇ ಹೊತ್ತಿಗೆ ಕೂಡುತ್ತವೆ.
ಮೀನಿನ ಪೆಟ್ಟಿಗೆ ಸೊಂಟಕ್ಕಾನಿಸಿ ನಿಂತಿರುತ್ತಾಳೆ,
ತೂಕವನ್ನೆಲ್ಲ ಎಡಗಾಲಿಗೆ ಕೊಟ್ಟು, ಥೇಟು ಅಪ್ಪ.
ನನ್ನ ಕಡೆ ನೋಡುವುದಿಲ್ಲ. ನೀರು ನೋಡುತ್ತಾಳೆ.

ದೋಣಿ ದಾಟಿ ಹೋಗಿರುತ್ತದೆ.
ಕೈ ಗುಂಡಿಯ ಮೇಲೇ ಇರುತ್ತದೆ.
ಇನ್ನೊಂದು ನಿಮಿಷ ನಾನು ಸೇತುವೆ ಕೂಡಿಸುವುದಿಲ್ಲ.
ಕೆಟ್ಟಿತೇ ಅಂತ ಜನ ಗೊಣಗುತ್ತಾರೆ,
ಹಳೆಯ ಯಂತ್ರ ಅನ್ನುತ್ತೇನೆ.

ಕಳೆದ ಮಂಗಳವಾರ ಗಡಿಯಾರ ನೋಡಿಕೊಂಡು
ಪಕ್ಕದವಳಿಗೆ ಏನೋ ಅಂದಳು, ಇಬ್ಬರೂ ನಕ್ಕರು.
ಗಾಳಿ ಆ ಕಡೆಗೆ ಬೀಸುತ್ತಿತ್ತು.

ಇಗೋ, ಕೂಡಿತು, ನಡೆಯಿರಿ.
ಕಿಪ್ಪರ್ ಕೇಳಿದಿರಲ್ಲ,
ಕೋಟಿಗೆ ಹೊಗೆಯ ವಾಸನೆ ಹತ್ತುವ ಓಣಿಯಲ್ಲಿ ಎರಡನೆಯ ಬಾಗಿಲು.
ಯಾರು ಕಳಿಸಿದರು ಅಂದರೆ ನನ್ನ ಹೆಸರು ಬೇಡ.
ಹೊಸ ತಕ್ಕಡಿ ಕೊಂಡಿದ್ದಾಳೆಯೋ, ಅಂದಾಜಿನ ಮೇಲೇ ಕೊಡುತ್ತಾಳೆಯೋ,
ಬರುವಾಗ ಅಷ್ಟು ಹೇಳಿ ಹೋಗಿ.